600 ಡಿಗ್ರಿಯಲ್ಲಿ ಒಂದೇ ಬ್ಲಾಂಕೆಟ್‌ಗೆ ಮೂರು ಉಷ್ಣವಾಹಕತೆಗಳು: ಲೆಕ್ಕಕ್ಕೆ ಯಾವುದನ್ನು ತೆಗೆದುಕೊಳ್ಳಬೇಕು?

ಪ್ರಶ್ನೆ

ನಮಸ್ಕಾರ. ಕುಲುಮೆಯ ಗೋಡೆಗೆಂದು ಆರಿಸಿಕೊಂಡಿರುವ ಸೆರಾಮಿಕ್ ಫೈಬರ್ ಬ್ಲಾಂಕೆಟ್‌ನ (ಶಾಖ ತಡೆಯುವ ನಾರಿನ ಹಾಸು; ಸಾಂದ್ರತೆ ಘನ ಮೀಟರಿಗೆ 128 ಕಿಲೋಗ್ರಾಂ) ಉಷ್ಣವಾಹಕತೆಯನ್ನು ಮೂರು ಪ್ರಯೋಗಾಲಯಗಳಲ್ಲಿ ಅಳೆಸಿದ್ದೇನೆ. ಮಾದರಿಗಳೆಲ್ಲ ಒಂದೇ ಬ್ಯಾಚಿನವು. ಮೊದಲ ವರದಿ ಗಾರ್ಡೆಡ್ ಹಾಟ್ ಪ್ಲೇಟ್ (ಅಂಚಿನಿಂದ ಶಾಖ ಸೋರದಂತೆ ಕಾಯ್ದ ಬಿಸಿ ತಟ್ಟೆ) ವಿಧಾನದ್ದು; ಎರಡು ಮುಖಗಳ ನಡುವಿನ ತಾಪಮಾನ ವ್ಯತ್ಯಾಸ 50 ಡಿಗ್ರಿ. ಎರಡನೆಯದರಲ್ಲಿ ಫಲಕದ ಒಂದು ಮುಖವನ್ನು ಮಾತ್ರ ಜೋರಾಗಿ ಕಾಯಿಸಿದ್ದಾರೆ: 600ರ ಸರಾಸರಿಗೆ ಬಿಸಿ ಮುಖ 1000, ತಣ್ಣನೆಯ ಮುಖ 200, 200ರ ಸರಾಸರಿಗೆ 350 ಮತ್ತು 50. ಮೂರನೆಯದು ಹಾಟ್ ವೈರ್, ಅಂದರೆ ಮಾದರಿಯೊಳಗೆ ಇಟ್ಟು ಕಾಯಿಸಿದ ತಂತಿಯಿಂದ ಅಳೆಯುವ ವಿಧಾನ.

ಸರಾಸರಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಂದ ಬೆಲೆಗಳು ಕ್ರಮವಾಗಿ 0.060, 0.061 ಮತ್ತು 0.071 ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್. 600 ಡಿಗ್ರಿಯಲ್ಲಿ 0.142, 0.157 ಮತ್ತು 0.168. ಮೊದಲೆರಡು ವರದಿಗಳು ಕೆಳಗೆ ಹೊಂದಿಕೊಂಡು ಮೇಲೆ ಹೋಗುತ್ತ ಬೇರೆಯಾಗುತ್ತಿವೆ. ಮೂರನೆಯದು ಎಲ್ಲಿಯೂ ಹೊಂದುವುದಿಲ್ಲ. ಯಾವ ಪ್ರಯೋಗಾಲಯ ತಪ್ಪಿದೆ ಎಂದು ಪತ್ತೆ ಹಚ್ಚುವುದು ಹೇಗೆ?

ಉತ್ತರ

ಯಾರೂ ತಪ್ಪದೆ ಇರುವ ಸಾಧ್ಯತೆಯೇ ಹೆಚ್ಚು. ಮೂರೂ ಅಂಕಣಗಳ ತಲೆಬರಹ ಒಂದೇ ಆಗಿದ್ದರೂ ಅಳತೆಗೆ ಸಿಕ್ಕಿರುವುದು ಮೂರು ಬೇರೆ ಪರಿಮಾಣಗಳು.

ಮೊದಲು ಪ್ಲೇಟ್ (ಮೊದಲ ವರದಿ) ಮತ್ತು ಫಲಕವನ್ನು (ಎರಡನೆಯ ವರದಿ) ನೋಡೋಣ. ನಾರುಗಳ ನಡುವೆ ಶಾಖವು ಗಾಳಿಯ ಮೂಲಕ, ನಾರಿನ ಮೂಲಕ ಮತ್ತು ವಿಕಿರಣದ ಮೂಲಕ ಸಾಗುತ್ತದೆ. ಇವುಗಳಲ್ಲಿ ವಿಕಿರಣದ ಪಾಲು ಕೆಲ್ವಿನ್ ತಾಪಮಾನದ ಘನಕ್ಕೆ ಅನುಗುಣವಾಗಿ ಏರುತ್ತದೆ. ವ್ಯತ್ಯಾಸ 50 ಡಿಗ್ರಿ ಇರುವಾಗ ಸರಾಸರಿ ತಾಪಮಾನದ ಬೆಲೆಯೂ ಇಡೀ ವ್ಯಾಪ್ತಿಯ ಸರಾಸರಿ ಬೆಲೆಯೂ ಒಂದೇ ಎಂದುಕೊಳ್ಳಬಹುದು. ವ್ಯತ್ಯಾಸ 800 ಡಿಗ್ರಿಯಾದಾಗ ಹಾಗೆ ಎಣಿಸಲಾಗದು. 1273 ಮತ್ತು 473 ಕೆಲ್ವಿನ್‌ಗಳ ನಡುವೆ ಘನದ ಸರಾಸರಿಯು ನಡುವಿನ 873 ಕೆಲ್ವಿನ್‌ನ ಘನಕ್ಕಿಂತ ಶೇಕಡಾ 21ರಷ್ಟು ದೊಡ್ಡದು. ನಿಮ್ಮ 0.142ರಲ್ಲಿ ಅರ್ಧದಷ್ಟು, ಅಂದರೆ ಸುಮಾರು 0.07, ವಿಕಿರಣದ್ದೆಂದು ಹಿಡಿದರೆ ಹೆಚ್ಚುವರಿ 0.015 ಬರುತ್ತದೆ; ಎರಡು ವರದಿಗಳ ಅಂತರವೂ ಅಷ್ಟೇ. 200 ಡಿಗ್ರಿಯಲ್ಲಿ ವಿಕಿರಣದ ಪಾಲೇ ಚಿಕ್ಕದು, ಆದ್ದರಿಂದ ಅಲ್ಲಿ ಅಂತರ ಕಾಣುವುದಿಲ್ಲ.

ಫಲಕದ ಬೆಲೆಗಳನ್ನು ನಿಜವಾದ ವಕ್ರರೇಖೆಯಾಗಿ ಪರಿವರ್ತಿಸಿಕೊಂಡ ಮೇಲೆಯೇ ಹೋಲಿಸಬೇಕು. ಎಎಸ್‌ಟಿಎಂ ಸಿ1045 ಮಾನದಂಡ ಈ ಪರಿವರ್ತನೆಯನ್ನೇ ಕುರಿತದ್ದು. ಘನಪದದ (ತಾಪಮಾನದ ಘನಕ್ಕೆ ಅನುಗುಣವಾದ ಪಾಲಿನ) ಸರಾಸರಿಯನ್ನು ಪಡೆಯಲು ಎರಡು ಮುಖಗಳ ಕೆಲ್ವಿನ್ ತಾಪಮಾನಗಳ ಮೊತ್ತವನ್ನು ಅವುಗಳ ವರ್ಗಗಳ ಮೊತ್ತದಿಂದ ಗುಣಿಸಿ ನಾಲ್ಕರಿಂದ ಭಾಗಿಸಬೇಕು. ಸೆಲ್ಸಿಯಸ್ ಹಾಕಿದರೆ ಲೆಕ್ಕ ಕೆಡುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಒಂದು ಸ್ಥಿರಪದ ಮತ್ತು ಒಂದು ಘನಪದ ಇಟ್ಟುಕೊಂಡು ಫಲಕದ ಎರಡು ಬಿಂದುಗಳಿಂದ ಬಿಡಿಸಿದಾಗ 600 ಡಿಗ್ರಿಗೆ 0.138 ಬಂತು. ಅಂತರ ಬಹಳ ಕಡಿಮೆಯಾಯಿತು, ಆದರೆ ಈಗ ಬೆಲೆ ಪ್ಲೇಟಿನದಕ್ಕಿಂತ ಕೆಳಗೆ ಇಳಿದಿದೆ. ಇಷ್ಟನ್ನು ಅಳತೆಯ ಅನಿಶ್ಚಿತತೆ ಎಂದು ಬಿಟ್ಟುಬಿಡಬಹುದೇ?

ಉತ್ತರ

ಬಿಡಬೇಕಾಗಿಲ್ಲ. ಗಾಳಿಯ ವಾಹಕತೆಯೂ ತಾಪಮಾನದೊಂದಿಗೆ ಏರುತ್ತದೆ ಎಂಬುದು ನಿಮ್ಮ ಸಮೀಕರಣದಲ್ಲಿ ಇಲ್ಲ. ಹೀಗಾಗಿ ಆ ಏರಿಕೆಯನ್ನೂ ಘನಪದವೇ ಹೊತ್ತುಕೊಂಡು ಅತಿಯಾಗಿ ಬಾಗಿದೆ. ಗಾಳಿಯದು 200 ಡಿಗ್ರಿಯಲ್ಲಿ ಸುಮಾರು 0.038, 600ರಲ್ಲಿ ಸುಮಾರು 0.061, ಈ ಏರಿಕೆ ಹೆಚ್ಚುಕಡಿಮೆ ಸರಳರೇಖೆಯಾದುದರಿಂದ ಮುಖಗಳ ಅಂತರ ಎಷ್ಟಿದ್ದರೂ ಅದರ ಸರಾಸರಿ ಬದಲಾಗುವುದಿಲ್ಲ. ಅದನ್ನು ಮೊದಲು ಕಳೆಯಿರಿ. ಉಳಿಯುವುದು 0.023 ಮತ್ತು 0.096. ಇವಕ್ಕೆ ಸ್ಥಿರಪದ ಮತ್ತು ಘನಪದವನ್ನು ಹೊಂದಿಸಿದರೆ 600 ಡಿಗ್ರಿಯಲ್ಲಿ ವಿಕಿರಣ ಸುಮಾರು 0.070, ಸ್ಥಿರಪದ 0.011, ಗಾಳಿಯನ್ನು ಮರಳಿ ಸೇರಿಸಿದರೆ 0.142. ಅದೇ ಸೂತ್ರ 200 ಡಿಗ್ರಿಗೆ 0.060 ಕೊಡುತ್ತದೆ. ಎರಡೂ ಪ್ಲೇಟಿನ ಬೆಲೆಗಳೇ. ಇಷ್ಟು ಚೆನ್ನಾಗಿ ಕೂಡಿಬರುವುದು ಅಪರೂಪ, ಮತ್ತು ಎರಡೇ ಬಿಂದುಗಳ ಮೇಲೆ ನಿಂತ ಲೆಕ್ಕವಿದು. ಮಧ್ಯದ ಇನ್ನೊಂದು ತಾಪಮಾನದ ಅಳತೆಯನ್ನು ಕೇಳಿ ಪಡೆಯುವುದು ಒಳ್ಳೆಯದು.

ಮತ್ತೊಬ್ಬರ ಉತ್ತರ

ಹಾಟ್ ವೈರ್ ಬಗ್ಗೆ. ಅದರ ಅಂತರ ಎರಡೂ ತಾಪಮಾನಗಳಲ್ಲಿ ಶೇಕಡಾ 18ರ ಆಸುಪಾಸಿನಲ್ಲೇ ಇದೆ. ತಾಪಮಾನದೊಂದಿಗೆ ಬೆಳೆಯದ ಇಂತಹ ಅಂತರ ಕಂಡಾಗ ಮೊದಲು ಸಂಶಯಿಸಬೇಕಾದದ್ದು ದಿಕ್ಕನ್ನು. ಬ್ಲಾಂಕೆಟ್‌ನಲ್ಲಿ ನಾರುಗಳು ಹೆಚ್ಚಾಗಿ ಹಾಳೆಯ ಸಮತಲದಲ್ಲೇ ಮಲಗಿರುವುದರಿಂದ ಶಾಖ ದಪ್ಪದ ದಿಕ್ಕಿಗಿಂತ ಸಮತಲದಲ್ಲಿ ಸುಲಭವಾಗಿ ಹರಿಯುತ್ತದೆ. ಪ್ಲೇಟ್ ದಪ್ಪದ ದಿಕ್ಕನ್ನು ಮಾತ್ರ ಅಳೆಯುತ್ತದೆ. ಸಮತಲದಲ್ಲಿ ಇಟ್ಟ ತಂತಿಯಿಂದ ಶಾಖ ಸುತ್ತಲೂ ಹರಡುವುದರಿಂದ ಎರಡು ದಿಕ್ಕುಗಳ ಬೆಲೆಗಳ ಗುಣಲಬ್ಧದ ವರ್ಗಮೂಲ ಸಿಗುತ್ತದೆ. ಸಮತಲದ ವಾಹಕತೆ ದಪ್ಪದ್ದರ 1.4 ಪಟ್ಟು ಇದ್ದರೆ ವರ್ಗಮೂಲ 1.18. ಖಚಿತಪಡಿಸಿಕೊಳ್ಳಲು ಬ್ಲಾಂಕೆಟ್ಟನ್ನು ಪಟ್ಟಿಗಳಾಗಿ ಕತ್ತರಿಸಿ, ತೊಂಬತ್ತು ಡಿಗ್ರಿ ತಿರುಗಿಸಿ, ಒತ್ತೊತ್ತಾಗಿ ಜೋಡಿಸಿ ಪ್ಲೇಟಿನಲ್ಲಿ ಅಳೆಸಿರಿ. ಬಂದ ಬೆಲೆಯನ್ನು 0.142ರಿಂದ ಗುಣಿಸಿ ವರ್ಗಮೂಲ ತೆಗೆದಾಗ 0.168ರ ಹತ್ತಿರ ಬರದಿದ್ದರೆ ಆಗ ತಂತಿಯ ಅಳತೆಯನ್ನು ಪ್ರಶ್ನಿಸಬಹುದು.

ಇಷ್ಟರ ಮೇಲೆಯೂ ಪ್ಲೇಟಿನ ವರದಿಯನ್ನು ನಾನು ಕಣ್ಣು ಮುಚ್ಚಿ ಒಪ್ಪುವುದಿಲ್ಲ. ಕೆ ಮಾದರಿಯ ಥರ್ಮೋಕಪಲ್‌ಗೆ (ತಾಪಮಾನ ಅಳೆಯುವ ತಂತಿಜೋಡಿಗೆ) ಮೊದಲ ದರ್ಜೆಯಲ್ಲೂ 600 ಡಿಗ್ರಿಯಲ್ಲಿ 2.4 ಡಿಗ್ರಿ ತಪ್ಪಿಗೆ ಅವಕಾಶವಿದೆ. ಎರಡು ಮುಖಗಳ ಥರ್ಮೋಕಪಲ್‌ಗಳು ವಿರುದ್ಧ ದಿಕ್ಕಿನಲ್ಲಿ ತಪ್ಪಿದರೆ 50 ಡಿಗ್ರಿಯ ವ್ಯತ್ಯಾಸದಲ್ಲಿ ಅದು ಶೇಕಡಾ 10ರ ಹತ್ತಿರ ಹೋಗುತ್ತದೆ. ಎರಡನ್ನೂ ಒಟ್ಟಿಗೆ, ಒಂದೇ ತಾಪಮಾನದಲ್ಲಿಟ್ಟು ಹೋಲಿಸಿ ನೋಡಿದ್ದಾರೆಯೇ ಎಂದು ಕೇಳಿರಿ. ದಪ್ಪದ ವಿಷಯವೂ ಹಾಗೆಯೇ: ಮೇಲಿನ ತಟ್ಟೆಯ ಭಾರಕ್ಕೆ 25 ಮಿಲಿಮೀಟರ್ ಮಾದರಿ 23ಕ್ಕೆ ಕುಗ್ಗಿದ್ದು, ಲೆಕ್ಕದಲ್ಲಿ 25 ಅನ್ನೇ ಬಳಸಿದರೆ ಬೆಲೆ ಸುಮಾರು ಶೇಕಡಾ 9 ಹೆಚ್ಚಾಗಿ ಬರುತ್ತದೆ. ಕುಗ್ಗಿದ ಮಾದರಿಯ ಸಾಂದ್ರತೆ 128 ಆಗಿ ಉಳಿಯುವುದಿಲ್ಲ, 139 ಆಗುತ್ತದೆ. ಆಗ ಅದು ನಿಮ್ಮ ಗೋಡೆಯಲ್ಲಿರುವ ಬ್ಲಾಂಕೆಟ್ಟೂ ಅಲ್ಲ.

ಪ್ರಶ್ನೆ ಕೇಳಿದವರು

ಹಾಗಾದರೆ ಗೋಡೆಯ ಲೆಕ್ಕಕ್ಕೆ?

ಉತ್ತರ

ಸಾಫ್ಟ್‌ವೇರ್ ಪದರಪದರವಾಗಿ ತಾಪಮಾನವನ್ನು ಬಿಡಿಸುವುದಾದರೆ ಪರಿವರ್ತಿಸಿದ ವಕ್ರರೇಖೆಯನ್ನೇ ಕೊಡಿ. ಅಲ್ಲಿ 0.157 ಅನ್ನು 600 ಡಿಗ್ರಿಯ ಬೆಲೆ ಎಂದು ತುಂಬಿದರೆ ವಿಕಿರಣದ ಬಾಗು ಎರಡು ಬಾರಿ ಲೆಕ್ಕಕ್ಕೆ ಬರುತ್ತದೆ. ಇಡೀ ಬ್ಲಾಂಕೆಟ್‌ಗೆ ಒಂದೇ ಸಂಖ್ಯೆ ಹಾಕಿ ಕೈಯಲ್ಲಿ ಲೆಕ್ಕ ಮಾಡುವುದಾದರೆ, ಮತ್ತು ಮುಖಗಳು ನಿಜವಾಗಿಯೂ 1000 ಹಾಗೂ 200 ಡಿಗ್ರಿಯಲ್ಲೇ ನಿಲ್ಲುವುದಾದರೆ, 0.157 ಸರಿಯಾದ ಬೆಲೆ. ನಾರುಗಳು ಶಾಖದ ಹರಿವಿಗೆ ಅಡ್ಡಲಾಗಿ ಮಲಗಿರುವ ಗೋಡೆಗೆ 0.168 ಅನ್ನು ಬಳಸಬೇಡಿ. ಬ್ಲಾಂಕೆಟ್ಟನ್ನು ಮಡಚಿ, ಅದರ ಸಮತಲ ಶಾಖದ ಹರಿವಿನ ದಿಕ್ಕಿಗೇ ಬರುವಂತೆ ಮಾಡ್ಯೂಲ್ (ಕಟ್ಟು) ಆಗಿ ಕೂರಿಸುವ ಯೋಚನೆಯಿದ್ದರೆ ಮಾತ್ರ ಸಮತಲದ ದಿಕ್ಕಿನ ಬೆಲೆ ಬೇಕಾಗುತ್ತದೆ. ಅದು ಈ ಮೂರಕ್ಕಿಂತಲೂ ಹೆಚ್ಚಿರುತ್ತದೆ.