ಸಹಾಯ ಬೇಕು: ರೇಡಿಯೇಷನ್ ಆದ ದವಡೆ, ಹಲ್ಲು ಕಿತ್ತ ಗಾಯ ಮಾಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 64 ವರ್ಷ, ಊರು ಶಿವಮೊಗ್ಗ ಹತ್ತಿರ. ಎಲೆಅಡಿಕೆ, ಹೊಗೆಸೊಪ್ಪಿನ ಅಭ್ಯಾಸ ಇತ್ತು. 2021ರಲ್ಲಿ ಕೆನ್ನೆಯ ಒಳಗೆ ಕ್ಯಾನ್ಸರ್ ಆಗಿ ಆಪರೇಷನ್ ಆಯಿತು. ಆಮೇಲೆ ವಾರಕ್ಕೆ ಐದು ದಿನದಂತೆ ಆರು ವಾರ ರೇಡಿಯೇಷನ್ ಕೊಟ್ಟರು. ಕ್ಯಾನ್ಸರ್ ವಾಪಸ್ ಬಂದಿಲ್ಲ, ಅದು ದೇವರ ದಯೆ.

ಆದರೆ ಅವತ್ತಿನಿಂದ ಬಾಯಿ ಒಣಗಿಯೇ ಇದೆ. ಜೊಲ್ಲು ಇಲ್ಲದೆ ಹಲ್ಲುಗಳು ಒಂದೊಂದಾಗಿ ಹುಳುಕಾದವು. ಮೂರು ತಿಂಗಳ ಹಿಂದೆ ನೋವು ತಡೆಯಲಾರದೆ ಊರಲ್ಲೇ ಒಬ್ಬ ಡೆಂಟಿಸ್ಟ್ ಹತ್ತಿರ ದವಡೆ ಹಲ್ಲು ಕೀಳಿಸಿದೆವು. ರೇಡಿಯೇಷನ್ ಆಗಿದೆ ಅಂತ ನಾವು ಹೇಳಲಿಲ್ಲ, ಅವರೂ ಕೇಳಲಿಲ್ಲ. ತಪ್ಪು ಇಬ್ಬರದ್ದೂ ಅನ್ನಿ. ಗಾಯ ಇನ್ನೂ ಮಾಯ್ದಿಲ್ಲ, ಒಳಗೆ ಬಿಳಿ ಮೂಳೆ ಕಾಣಿಸುತ್ತಿದೆ.

ಕ್ಯಾನ್ಸರ್ ಡಾಕ್ಟರ್ ನೋಡಿ 'ಆಸ್ಟಿಯೋರೇಡಿಯೋನೆಕ್ರೋಸಿಸ್' ಅಂದರು. ರೇಡಿಯೇಷನ್ ಬಿದ್ದ ಮೂಳೆಯ ಸಣ್ಣ ರಕ್ತನಾಳಗಳು ಹಾಳಾಗಿರುತ್ತವಂತೆ. ರಕ್ತ ಸರಿಯಾಗಿ ಹೋಗದ ಮೂಳೆಗೆ ಗಾಯವಾದರೆ ಮಾಯುವುದಿಲ್ಲ, ಮೂಳೆಯೇ ಸಾಯುತ್ತದೆ. ರಕ್ತ ಸರಾಗವಾಗಿ ಹರಿಯಲು ಪೆಂಟಾಕ್ಸಿಫಿಲಿನ್, ಜೊತೆಗೆ ವಿಟಮಿನ್ ಇ ಮಾತ್ರೆ ಶುರುವಾಗಿದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ? ಮಾತ್ರೆಯಲ್ಲೇ ವಾಸಿ ಆಯ್ತಾ, ಮೂಳೆ ತೆಗೆಸಬೇಕಾಯ್ತಾ? ಹೈಪರ್‌ಬೇರಿಕ್ ಆಕ್ಸಿಜನ್ (ಹೆಚ್ಚು ಒತ್ತಡದ ಕೋಣೆಯಲ್ಲಿ ಆಕ್ಸಿಜನ್ ಕೊಡುವ) ಚಿಕಿತ್ಸೆ ಬೆಂಗಳೂರು, ಮಂಗಳೂರು ಕಡೆ ಎಲ್ಲಿ ಸಿಗುತ್ತೆ, ಎಷ್ಟು ಖರ್ಚಾಗುತ್ತೆ? ಆಯುಷ್ಮಾನ್ ಕಾರ್ಡ್ ನಡೆಯುತ್ತಾ? ಬಾಯಿ ಎರಡು ಬೆರಳಷ್ಟೂ ತೆರೆಯಲ್ಲ. ರಾಗಿ ಅಂಬಲಿ, ಗಂಜಿ ಕುಡಿದು ಬೇಸತ್ತಿದ್ದಾರೆ, ಖಾರ ಅಂತೂ ಮುಟ್ಟುವ ಹಾಗಿಲ್ಲ. ನುಂಗಲು ಸುಲಭವಾಗಿ, ಸ್ವಲ್ಪ ರುಚಿಯೂ ಇರುವಂಥದ್ದು ಗೊತ್ತಿದ್ದರೆ ಅದನ್ನೂ ಹೇಳಿ. ನಾಟಿ ಔಷಧಿ ಮಾತ್ರ ದಯವಿಟ್ಟು ಬೇಡ.