ಹಳೆಯ ನಿಂಜಾ 650ಕ್ಕೆ ಸ್ಯಾಡಲ್ ಸ್ಟೇ, ವೈಸರ್, ಸೀಟು: ಕೊಳ್ಳುವುದೋ, ಮಾಡಿಸುವುದೋ?

ಪುಣೆಯ ಕೋಥ್ರೂಡ್‌ನಿಂದ ಪ್ರಶ್ನೆ

2013ರ ನಿಂಜಾ 650 ಬೈಕನ್ನು ಕಳೆದ ತಿಂಗಳು ಎರಡನೆಯ ಮಾಲೀಕನಾಗಿ ಕೊಂಡಿದ್ದೇನೆ. 41,000 ಕಿಲೋಮೀಟರ್ ಓಡಿದೆ. ಪತ್ನಿಯನ್ನು ಹಿಂದೆ ಕೂರಿಸಿಕೊಂಡು ವರ್ಷಕ್ಕೆ ನಾಲ್ಕೈದು ಸಲ ಹುಬ್ಬಳ್ಳಿಗೆ ಹೋಗಿಬರುವ ಆಸೆ, ಅವರಿಗೆ ಸೊಂಟನೋವಿದೆ. ಸ್ಯಾಡಲ್ ಸ್ಟೇ (ಪಕ್ಕದ ಬ್ಯಾಗುಗಳಿಗೆ ಆಸರೆಯಾಗುವ ಚೌಕಟ್ಟು), ಎತ್ತರದ ವೈಸರ್ (ಬೈಕಿನ ಮುಂದೆ ಗಾಳಿ ತಡೆಯುವ ಪಾರದರ್ಶಕ ಹಾಳೆ), ಸೀಟು, ಇವುಗಳಲ್ಲಿ ಯಾವುದನ್ನು ಸಿದ್ಧವಾಗಿ ಕೊಳ್ಳಬೇಕು, ಯಾವುದನ್ನು ಇಲ್ಲೇ ಭೋಸರಿಯ ವರ್ಕ್‌ಶಾಪುಗಳಲ್ಲಿ ಮಾಡಿಸಬಹುದು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಡೊಂಬಿವಿಲಿ ಸವಾರ

ನಾನು ಮಾಡಿಸಿ ಕೈಸುಟ್ಟುಕೊಂಡವನು, ಆದ್ದರಿಂದ ವಿವರವಾಗಿಯೇ ಬರೆಯುತ್ತೇನೆ. ನನ್ನದು ಸಿಬಿಆರ್ 250ಆರ್. ಕುರ್ಲಾದ ವೆಲ್ಡಿಂಗ್ ಅಂಗಡಿಯೊಂದರಲ್ಲಿ 12 ಮಿಲಿಮೀಟರ್ ಎಂಎಸ್ (ಸಾದಾ ಉಕ್ಕಿನ) ಪೈಪಿನಿಂದ ಸ್ಟೇ ಮಾಡಿಸಿದೆ. ಕೆಲಸಕ್ಕೆ 3,200 ರೂಪಾಯಿ, ಪೌಡರ್ ಕೋಟಿಂಗಿಗೆ 900. ಎರಡು ಪ್ರವಾಸ ಚೆನ್ನಾಗಿಯೇ ನಡೆದವು. ಮೂರನೆಯದರಲ್ಲಿ, ಕರಾಡ ದಾಟಿದ ಮೇಲೆ, ಮಳೆಯಲ್ಲಿ ಎಡಗಡೆಯ ಮೇಲಿನ ಬ್ರಾಕೆಟ್ ಮುರಿಯಿತು. ಬ್ಯಾಗು ವಾಲಿ ಹಿಂದಿನ ಚಕ್ರಕ್ಕೆ ತಾಗಿತು. ರಬ್ಬರ್ ಸುಟ್ಟ ವಾಸನೆ ಬಂದಾಗಲೇ ನನಗೆ ಗೊತ್ತಾದದ್ದು. ನಿಲ್ಲಿಸಿ ನೋಡಿದರೆ ಮುರಿದದ್ದು ವೆಲ್ಡಿಂಗ್ ಮೇಲೆ ಅಲ್ಲ, ಅದರ ಪಕ್ಕದಲ್ಲಿ ಕೂದಲೆಳೆಯಷ್ಟು ದೂರದಲ್ಲಿ. ಮುರಿದ ಮುಖದ ಅರ್ಧ ಭಾಗ ತುಕ್ಕು ಹಿಡಿದು ಕಂದಾಗಿತ್ತು, ಉಳಿದರ್ಧ ಹೊಸದಾಗಿ ಹೊಳೆಯುತ್ತಿತ್ತು. ಅಂದರೆ ಬಿರುಕು ಹಲವು ವಾರಗಳಿಂದಲೇ ಇತ್ತು, ಮೇಲಿನ ಕೋಟಿಂಗ್ ಅದನ್ನು ನನ್ನ ಕಣ್ಣಿನಿಂದ ಮರೆಮಾಡಿತ್ತು. ಬ್ಯಾಗಿಗೆ 6,800, ಕೊಲ್ಹಾಪುರದವರೆಗೆ ಟೆಂಪೋಗೆ 4,500, ಕಿತ್ತುಹೋದ ಇಂಡಿಕೇಟರಿಗೆ 1,150. ಎಲ್ಲ ಸೇರಿ 16,550 ರೂಪಾಯಿ ನೀರುಪಾಲಾಯಿತು. ಆಮೇಲೆ 14,500 ಕೊಟ್ಟು ಸಿದ್ಧ ಸ್ಟೇಯನ್ನೇ ಕೊಂಡೆ. ಮೊದಲೇ ಕೊಂಡಿದ್ದರೆ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಡಗಾವಿನ ನಿಂಜಾ

ಮೇಲಿನವರ ನಷ್ಟಕ್ಕೆ ಮರುಗುತ್ತೇನೆ, ಆದರೆ ಅವರ ತೀರ್ಮಾನವನ್ನು ಒಪ್ಪುವುದಿಲ್ಲ. ಮುರಿದದ್ದು ಕೈಯಿಂದ ಮಾಡಿದ್ದಕ್ಕಲ್ಲ, ತಪ್ಪಾಗಿ ಮಾಡಿದ್ದಕ್ಕೆ. ಎಡಬಲದ ಎರಡು ಚೌಕಟ್ಟುಗಳನ್ನು ನಂಬರ್ ಪ್ಲೇಟಿನ ಹಿಂದೆ ಅಡ್ಡಪಟ್ಟಿಯಿಂದ ಬಿಗಿಯದಿದ್ದರೆ ಪ್ರತಿ ಗುಂಡಿಗೂ ಅವು ಬೇರೆಬೇರೆಯಾಗಿ ಅಲುಗಾಡುತ್ತವೆ, ಆ ಅಲುಗಾಟವೆಲ್ಲ ಹೋಗಿ ಬ್ರಾಕೆಟ್ಟಿನ ಮೇಲೆ ಬೀಳುತ್ತದೆ. ನನ್ನದು 2012ರ ನಿಂಜಾ 650. ಇಲ್ಲೇ ಗೋವಾದ ವೆರ್ಣಾದಲ್ಲಿ ಎದುರಿಗೇ ನಿಂತು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ, 16 ಮಿಲಿಮೀಟರ್ ಪೈಪು, 1.6 ಮಿಲಿಮೀಟರ್ ದಪ್ಪ, ಆರ್ಗಾನ್ ವೆಲ್ಡಿಂಗ್‌ನಲ್ಲಿ ಮಾಡಿಸಿದೆ. ಒಟ್ಟು 7,400 ರೂಪಾಯಿ. ಈ ಬೈಕಿನ ಸೈಲೆನ್ಸರ್ ಎಂಜಿನ್ನಿನ ಕೆಳಗಿರುವುದರಿಂದ ಎರಡೂ ಬದಿಯ ಚೌಕಟ್ಟು ಒಂದೇ ಅಳತೆಗೆ ಬರುತ್ತದೆ, ಇದು ದೊಡ್ಡ ಅನುಕೂಲ. ತಿಂಗಳಿಗೊಮ್ಮೆ ಚೋರ್ಲಾ ಘಾಟಿನಲ್ಲಿ ಬೆಳಗಾವಿಗೆ ಹೋಗುತ್ತೇನೆ. ಐದು ಮಳೆಗಾಲ ಕಳೆದರೂ ಒಂದು ಬಿರುಕಿಲ್ಲ. ಸಮುದ್ರದ ಗಾಳಿಗೆ ವೆಲ್ಡಿಂಗ್ ಸುತ್ತ ಕಂದು ಕಲೆಗಳು ಮೂಡಿವೆ, ನಿಜ. 316 ದರ್ಜೆಯದನ್ನು ಹಾಕಿಸಿದ್ದರೆ ಅದೂ ಕಡಿಮೆಯಾಗುತ್ತಿತ್ತು.

ಡೊಂಬಿವಿಲಿ ಸವಾರ

ನನ್ನ ಸ್ಟೇಗೆ ಅಡ್ಡಪಟ್ಟಿ ಇರಲಿಲ್ಲವೆಂದು ತಾವು ಹೇಗೆ ನಿರ್ಧರಿಸಿದಿರಿ? ಇತ್ತು. ಎರಡು ಬೋಲ್ಟುಗಳಿಂದ ಬಿಗಿದ ಪಟ್ಟಿ ಇತ್ತು. ನಿಮ್ಮದು ಗಟ್ಟಿಯಾಗಿ ಬಂದದ್ದು ನಿಮ್ಮ ವೆಲ್ಡರನ ಕೈಗುಣದಿಂದ. ಆ ಕೈ ಎಲ್ಲರಿಗೂ ಸಿಗುವುದಿಲ್ಲ. ಹೊಸಬರೊಬ್ಬರು ಕುಟುಂಬವನ್ನು ಕೂರಿಸಿಕೊಂಡು ಹೋಗುವೆನೆಂದು ಕೇಳುತ್ತಿರುವಾಗ ಇಷ್ಟು ಧೈರ್ಯ ತುಂಬುವುದು ಸರಿಯಲ್ಲ.

ಭೋಸರಿಯ ಲೇತ್ ಮನೆಯಿಂದ

ವೈಸರಿನ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನನ್ನದನ್ನು ನಾನೇ ಮಾಡಿಕೊಂಡಿದ್ದೇನೆ, ಅದರ ಬಗ್ಗೆ ನನಗೆ ಅಭಿಮಾನವಿದೆ. ಮೊದಲು ಪಾಲಿಕಾರ್ಬೊನೇಟ್ ಹಾಳೆಯನ್ನು ಒಲೆಯಲ್ಲಿ ಕಾಯಿಸಿದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತುವಾದ್ದರಿಂದ, ಮುಂಚೆ ಗಂಟೆಗಟ್ಟಲೆ ಒಣಗಿಸದೆ ಕಾಯಿಸಿದ್ದಕ್ಕೆ ಒಳಗೆಲ್ಲ ಸಾಸಿವೆಯಂಥ ಗುಳ್ಳೆಗಳೆದ್ದವು. 1,400 ರೂಪಾಯಿಯ ಹಾಳೆ ಹೋಯಿತು. ಎರಡನೆಯದನ್ನು ಒಣಗಿಸಿ ಅಚ್ಚಿನ ಮೇಲೆ ಬಾಗಿಸಿ ಸರಿಮಾಡಿದೆ. ಆದರೆ ಒಂದು ದಿನ ಪೆಟ್ರೋಲ್ ತಾಗಿದ ಬಟ್ಟೆಯಿಂದ ಒರೆಸಿದ್ದಕ್ಕೆ ಅಂಚಿನ ತೂತುಗಳ ಸುತ್ತ ಜೇಡರಬಲೆಯಂತೆ ಬಿರುಕು ಹರಡಿತು. ಮೂರನೆಯದು 4 ಮಿಲಿಮೀಟರ್ ಅಕ್ರಿಲಿಕ್, ಸುಮಾರು 160 ಡಿಗ್ರಿಯಲ್ಲಿ ಬಾಗಿಸಿದ್ದು. ಅದೇ ಇಂದಿಗೂ ಇದೆ. ಒಂದು ಎಚ್ಚರಿಕೆ: ವೈಸರಿನ ಮೇಲಂಚು ಕಣ್ಣಿನ ನೇರಕ್ಕಿಂತ ಕೆಳಗಿರಲಿ. ಬಾಗಿದ ಹಾಳೆಯ ಮೂಲಕ ನೋಡಿದರೆ ರಾತ್ರಿ ಎದುರಿನ ಲಾರಿಯ ದೀಪ ಎರಡೆರಡಾಗಿ ಕಾಣುತ್ತದೆ.

ಠಾಣೆಯಿಂದ

ಎಲ್ಲರೂ ಕಬ್ಬಿಣ, ಪ್ಲಾಸ್ಟಿಕ್ ಎನ್ನುತ್ತಿದ್ದೀರಿ, ಕಾನೂನಿನ ಮಾತೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಟನ್ನು ನಿಷೇಧಿಸುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಂತೆ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ನಾನು ಸೈಲೆನ್ಸರ್ ಬದಲಿಸಿ ದಂಡ ಕಟ್ಟಿದವನು. ಮೂಲ ಸೈಲೆನ್ಸರನ್ನು ಗುಜರಿಗೆ ಹಾಕಿದ್ದರಿಂದ ಮತ್ತೆ ಹುಡುಕಿ ಕೊಳ್ಳಲು 22,000 ತೆತ್ತೆ. ಬಿಚ್ಚಿದ ಮೂಲ ಭಾಗವನ್ನು ಯಾವತ್ತೂ ಎಸೆಯಬೇಡಿ.

ಮಡಗಾವಿನ ನಿಂಜಾ

ಕಲಮನ್ನು ಪೂರ್ತಿ ಓದಿ, ಸರ್. ನೋಂದಣಿ ಪತ್ರದಲ್ಲಿನ ವಿವರಗಳು ಬದಲಾಗುವ ಮಾರ್ಪಾಟಿನ ಬಗ್ಗೆ ಅದು ಮಾತಾಡುತ್ತದೆ. ನಾಲ್ಕು ಬೋಲ್ಟು ಬಿಚ್ಚಿದರೆ ಕೈಗೆ ಬರುವ ಬ್ಯಾಗಿನ ಆಸರೆಯನ್ನು ಸೈಲೆನ್ಸರಿನ ಜೊತೆ ಒಂದೇ ತಕ್ಕಡಿಯಲ್ಲಿ ತೂಗಿ ಜನರನ್ನು ಹೆದರಿಸಬೇಡಿ.

ಹಿಂದಿನ ಸೀಟಿನವಳು, ಪಿಂಪ್ರಿ

ಇಷ್ಟೆಲ್ಲ ಬರೆದವರಲ್ಲಿ ಒಬ್ಬರಾದರೂ ಅವರ ಪತ್ನಿಯ ಸೊಂಟದ ಬಗ್ಗೆ ವಿಚಾರಿಸಿದಿರಾ? ಒಂಬತ್ತು ವರ್ಷಗಳಿಂದ ಇಂಥದ್ದೇ ಬೈಕಿನ ಹಿಂದೆ ಕುಳಿತು ಬೆಳಗಾವಿಯ ತವರಿಗೆ ಹೋಗಿಬರುತ್ತಿದ್ದೇನೆ. ಹಿಂದಿನ ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಬ್ರೇಕ್ ಹಾಕಿದಾಗಲೆಲ್ಲ ಜಾರಿ ಮುಂದಿನವರ ಬೆನ್ನಿಗೆ ಒರಗುತ್ತೇವೆ, ಅಲ್ಲಿಂದ ಹಿಂದಕ್ಕೆ ಸರಿಯುವ ಕೆಲಸವೆಲ್ಲ ಸೊಂಟದ್ದೇ. ನಮ್ಮವರು ಮೊದಲು ಜೆಲ್ ಪ್ಯಾಡಿಗೆ 3,500 ಸುರಿದರು. ಬಿಸಿಲಿಗೆ ಕಾದು ಕೂರಲಾಗಲಿಲ್ಲ, ಜಾರುವುದೂ ನಿಲ್ಲಲಿಲ್ಲ. ಆಮೇಲೆ ಸೀಟು ಹೊಲಿಯುವವರ ಬಳಿ ನಾನೇ ಹೋಗಿ ಕುಳಿತೆ. ಅವರು ಹೊದಿಕೆ ಬಿಚ್ಚಿ, ಮುಂಭಾಗಕ್ಕೆ ಬೆಣೆಯಾಕಾರದ ಗಟ್ಟಿ ರೀಬಾಂಡೆಡ್ ಫೋಮ್ (ಚೂರುಗಳನ್ನು ಒತ್ತಿ ಅಂಟಿಸಿದ ಫೋಮ್) ಅಂಟಿಸಿ, ಮೇಲೆ ಮೆತ್ತನೆಯ ಒಂದು ಪದರ ಹಾಕಿ, ಹೊಲಿಯುವ ಮೊದಲು ಮೂರು ಸಲ ನನ್ನನ್ನು ಕೂರಿಸಿ ನೋಡಿದರು. 1,800 ರೂಪಾಯಿ. ಎತ್ತರ ಹೆಚ್ಚಿದ್ದರಿಂದ ಮೊಣಕಾಲು ಮಡಚುವುದೂ ಕಡಿಮೆಯಾಯಿತು. ಸೀಟಿನ ಹಿಂದಿನ ಪೆಟ್ಟಿಗೆಗೆ, ಅಂದರೆ ಟಾಪ್ ಬಾಕ್ಸಿಗೆ, ಬೆನ್ನಿನ ದಿಂಬು ಕಟ್ಟಿಸಿದ ಮೇಲೆ ನಿಪ್ಪಾಣಿಯವರೆಗೂ ನಾನು ಇಳಿಯುವ ಮಾತೆತ್ತುವುದಿಲ್ಲ. ಕೋಥ್ರೂಡಿನವರೇ, ಉಳಿದದ್ದೆಲ್ಲ ಆಮೇಲೆ, ಮೊದಲು ಅವರನ್ನು ಸೀಟಿನ ಅಂಗಡಿಗೆ ಕರೆದುಕೊಂಡು ಹೋಗಿ.

ಡೊಂಬಿವಿಲಿ ಸವಾರ

ಅಕ್ಕ ಹೇಳಿದ ಸೀಟಿನ ಮಾತು ನೂರಕ್ಕೆ ನೂರು ಸರಿ. ಟಾಪ್ ಬಾಕ್ಸಿನ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ಹಿಂದಿನ ಆಕ್ಸಲ್ಲಿಗಿಂತ ಹಿಂದಕ್ಕೆ ತೂಕ ಹೇರಿದರೆ ಮುಂದಿನ ಚಕ್ರ ಹಗುರವಾಗುತ್ತದೆ. ನನ್ನ ಬೈಕಿನಲ್ಲಿ 100 ದಾಟಿದೊಡನೆ ಹ್ಯಾಂಡಲ್ ನಡುಗಲು ತೊಡಗಿತ್ತು. ದಿಂಬಿಗಾಗಿ ಪೆಟ್ಟಿಗೆ ಬೇಕೇ ಬೇಕಾದರೆ ಅದರೊಳಗೆ ಮಳೆಯಂಗಿಗಿಂತ ಭಾರವಾದದ್ದನ್ನು ಇಡಬೇಡಿ.