ಸಹಾಯ ಬೇಕು: ನೌಕರಿ ಮಾಡ್ತಾ ಡಿಬಿಎ (ಬಿಸಿನೆಸ್ ಅಡ್ಮಿನಿಸ್ಟ್ರೇಷನ್‌ನಲ್ಲಿ ಡಾಕ್ಟರೇಟ್) ಮಾಡಿದರೆ ಲಾಭ ಇದೆಯಾ?

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು. ಗೋವಾದ ವೆರ್ಣಾದಲ್ಲಿ ಒಂದು ಔಷಧ ಕಂಪನಿಯ ಸಪ್ಲೈ ಚೈನ್ ಮ್ಯಾನೇಜರ್. ಎಂಬಿಎ ಆಗಿದೆ. ಇಲ್ಲಿಂದ ಮೇಲೆ ಹೋಗೋಕೆ ಡಾಕ್ಟರೇಟ್ ಬೇಕಾ?

ಒಂದು ಆನ್‌ಲೈನ್ ಕಂಪನಿಯವರು ವಿದೇಶಿ ಡಿಬಿಎ ಕೊಡಿಸುತ್ತೇವೆ ಅಂತ ಬೆನ್ನು ಬಿದ್ದಿದ್ದಾರೆ. ಊಟದ ಡಬ್ಬಿ ತೆರೆಯುವ ಹೊತ್ತಿಗೆ ಸರಿಯಾಗಿ ಫೋನ್: "ಸರ್, ಇವತ್ತೇ ಸೀಟ್ ಬ್ಲಾಕ್ ಮಾಡಿ, ಡಿಸ್ಕೌಂಟ್ ಇದೆ." ಡಾಕ್ಟರೇಟ್‌ಗೂ ಡಿಸ್ಕೌಂಟಾ! ಎಡ್‌ಟೆಕ್ (ಆನ್‌ಲೈನ್ ಶಿಕ್ಷಣ) ಕಂಪನಿಗಳು ವಿದೇಶಿ ಸಂಸ್ಥೆಗಳ ಜೊತೆ ಸೇರಿ ನಡೆಸುವ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲ ಅಂತ ಉನ್ನತ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆಗಳಾದ ಯುಜಿಸಿ, ಎಐಸಿಟಿಇ 2022ರಲ್ಲೇ ಎಚ್ಚರಿಸಿವೆ. ಮುಂದೆ ಕಾಲೇಜಲ್ಲಿ ಪಾಠ ಮಾಡೋ ಆಸೆಯೂ ಇದೆ, ಡಿಬಿಎಗೂ ಹೀಗೇ ಮಾನ್ಯತೆ ಸಿಗದಿದ್ದರೆ ಅಂತ ಹಿಂದೇಟು.

ಇನ್ನೊಂದು ದಾರಿ, ನಮ್ಮ ಕಡೆಯ ವಿಶ್ವವಿದ್ಯಾಲಯದಲ್ಲೇ ಪಾರ್ಟ್ ಟೈಮ್ ಪಿಎಚ್‌ಡಿ. ಕಡಿಮೆ ಅಂದ್ರೂ 3 ವರ್ಷ, ಜೊತೆಗೆ ಕಂಪನಿಯ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನೋ ಪತ್ರ) ಬೇಕು. ನಮ್ಮ ಬಾಸ್ ಗಣೇಶ ಚೌತಿ ರಜೆಗೇ ಮುಖ ಸಿಂಡರಿಸುವವರು!

ಕಂಪನಿ ಕೆಲಸದಲ್ಲಿ ಇದ್ದುಕೊಂಡೇ ಇವೆರಡರಲ್ಲಿ ಒಂದನ್ನು ಮುಗಿಸಿದವರು ಇದ್ದೀರಾ? ಬಡ್ತಿ, ಸಂಬಳದಲ್ಲಿ ನಿಜಕ್ಕೂ ವ್ಯತ್ಯಾಸ ಆಯ್ತಾ, ಅಥವಾ ಸುಮ್ನೆ ಹೆಸರಿನ ಮುಂದೆ ಡಾಕ್ಟರ್ ಬಂತಾ? ಎಚ್‌ಆರ್‌ನಲ್ಲಿ ಇರುವವರೂ ದಯವಿಟ್ಟು ಹೇಳಿ, ರೆಸ್ಯೂಮೆಯಲ್ಲಿ ಡಿಬಿಎ ಕಂಡರೆ ತೂಕ ಕೊಡ್ತೀರಾ? ಕೋರ್ಸ್ ಮಾರುವವರು ಮಾತ್ರ ಇನ್‌ಬಾಕ್ಸ್‌ಗೆ ಬರಬೇಡಿ.